ತವರು ಡಾಟ್ ಎಚ್

ಜರಗನಹಳ್ಳಿ, ಜೆ.ಪಿ. ನಗರ
3 ಜೂನ್ 2024

ಚನ್ನವೀರ,

ನಾನು ಕ್ಷೇಮವಾಗಿಲ್ಲ. ನಿನ್ನ ಕ್ಷೇಮ ಕೇಳುವ ಮನಸ್ಸೂ ಇಲ್ಲ. ಮೊನ್ನೆ ಫೋನಿನಲ್ಲಿ ನಾನು ಅರ್ಧ ಬೈದಿದ್ದೆ ಅಷ್ಟೆ, ನೀನು ಕಟ್ ಮಾಡಿದೆ. ಅದಕ್ಕೇ ನಿನ್ನ ನಂಬರನ್ನು ಬ್ಲಾಕ್ ಮಾಡಿದ್ದೇನೆ. ಕಾಗದವನ್ನು ಹಾಗೆ ಕಟ್ ಮಾಡಲು ಬರುವುದಿಲ್ಲ. ಹರಿದು ಹಾಕಬಹುದು, ಆದರೆ ಹರಿಯುವ ಮುಂಚೆ ಮನುಷ್ಯ ಒಂದು ಸಲ ಓದಿಯೇ ಓದುತ್ತಾನೆ. ಉಳಿದ ಅರ್ಧ ಬೈಗುಳ ಇದರಲ್ಲಿದೆ. ಕೂತು ಓದು.

ಶನಿವಾರ ಕನ್ನಡಕದ ಕಡ್ಡಿ ಸರಿ ಮಾಡಿಸಲು ಜಯನಗರ ನಾಲ್ಕನೇ ಬ್ಲಾಕಿಗೆ ಹೋಗಿದ್ದೆ. ಬಸ್ಸಿನಲ್ಲಿ ಹಿರಿಯರ ಸೀಟಿನಲ್ಲಿ ಒಬ್ಬ ಗಡವ ಕೂತು ಮೊಬೈಲಿನಲ್ಲಿ ಯಾರೋ ಕುಣಿಯುವುದನ್ನು ನೋಡುತ್ತಿದ್ದ; ಅದು ಬೇರೆ ಕಥೆ, ಅವನಿಗೂ ಅಂದೆ. ಕಾಂಪ್ಲೆಕ್ಸಿನ ಹಿಂದೆ ಕಮಲಾದೇವಿ ಎನ್ನುವವರ ಸೀರೆ ಅಂಗಡಿ ಇದೆ. ಗಾಜಿನೊಳಗೆ ಒಂದು ಖಣದ ಸೀರೆ ತೂಗುಹಾಕಿದ್ದರು. ಅದರ ಮೈತುಂಬ ನಾಲ್ಕು ಎಸಳಿನ ಆ ಹೂವು. ನಿನ್ನ ಅಕ್ಕನ ಹೂವು. ಎಂಬತ್ತಾರರಲ್ಲಿ ನಮ್ಮ ಧಾರೆಯ ದಿನ ದಾನಮ್ಮ ತೊಟ್ಟಿದ್ದ ಕುಪ್ಪಸದ ಹೂವು. ಚೀಟಿ ತಿರುಗಿಸಿ ನೋಡಿದರೆ ಏನು ಬರೆದಿದೆ? "ಗುಳೇದಗುಡ್ಡ ಖಣ. ವಿನ್ಯಾಸ: ಚನ್ನವೀರ."

ಒಳಗೆ ಹೋಗಿ ಕೇಳಿದೆ. "ಏನಮ್ಮಾ, ಈ ಹೂವು ಯಾರದು?"

"ನೇಕಾರರೇ ಡಿಸೈನರ್ ಸಾರ್, ಚನ್ನವೀರ ಅಂತ. ಸಖತ್ತಾಗಿ ಹೋಗ್ತಿದೆ. ಶ್ರಾವಣಕ್ಕೆ ಇನ್ನೂ ದೊಡ್ಡ ಆರ್ಡರ್ ಕೊಟ್ಟಿದೀನಿ. ಮೇಡಂಗೆ ತೋರಿಸ್ಲಾ?"

"ಮೇಡಂ ಇಲ್ಲ. ಹೋದ ಸೆಪ್ಟೆಂಬರಲ್ಲಿ ತೀರ್ಕೊಂಡ್ರು. ಈ ಹೂವೇ ಮೇಡಂದು."

ಆಯಮ್ಮ ಒಂದು ಸ್ಟೂಲು ಕೊಟ್ಟು ನೀರು ತರಿಸಿದರು. ನೀರು ಕುಡಿದು ಜೇಬಿನಿಂದ ಭೂತಗನ್ನಡಿ ತೆಗೆದೆ. ಗಡಿಯಾರ ಕಾರ್ಖಾನೆಯ ಇನ್‌ಸ್ಪೆಕ್ಷನ್ ಸೆಕ್ಷನ್ನಿನಲ್ಲಿ ಮೂವತ್ತು ವರ್ಷ ಇದೇ ಕನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ದೋಷ ಹಿಡಿದವನು ನಾನು. ಹಿಡಿದೆ. ನಾಲ್ಕನೇ ಎಸಳು ಒಂದು ಎಳೆ ಗಿಡ್ಡ! ಒಂದು ಸೀರೆಯಲ್ಲಲ್ಲ, ಅಲ್ಲಿದ್ದ ಅಷ್ಟರಲ್ಲೂ. ಕದ್ದೆ, ಹೋಗಲಿ. ನೆಟ್ಟಗೆ ಕದಿಯಲೂ ಬರಲಿಲ್ಲವೇನೋ ನಿನಗೆ? ದಾನಮ್ಮ ಎಂದಾದರೂ ಒಂದು ಎಳೆ ತಪ್ಪುವವಳೇ? ಸಾಂಬಾರಿನ ಪುಡಿಗೆ ಮೆಣಸಿನಕಾಯಿಯನ್ನು ಎಣಿಸಿ ಹಾಕುತ್ತಿದ್ದವಳು!

ಸಮಾಧಿಯ ದಿನ ನಿಮ್ಮ ಕಡೆಯ ಹೆಂಗಸರು ಹಟ ಹಿಡಿದು ಅದೇ ಮದುವೆಯ ಖಣವನ್ನು ತೊಡಿಸಿ ಅವಳನ್ನು ಮಣ್ಣಿಗೆ ಕೊಟ್ಟರು. ತವರಿನ ಪದ್ಧತಿ ಅಂದಿರಿ, ನಾನು ಸುಮ್ಮನಿದ್ದೆ. ಈಗ ಅರ್ಥವಾಯಿತು. ಸಾಕ್ಷಿಯನ್ನೇ ಹೂಳಿದೆ ನೀನು.

ಅವಳ ಹೆಸರಿನಲ್ಲಿ ಈ ಊರಿನಲ್ಲಿ ಉಳಿದಿರುವುದು ಮೂರು. ಗ್ಯಾಸ್ ಕನೆಕ್ಷನ್, ಬನಶಂಕರಿಯ ಲೈಬ್ರರಿ ಕಾರ್ಡು, ಆ ಹೂವು. ಮೂರನೆಯದನ್ನು ಬಿಟ್ಟುಕೊಡುವ ಮಾತಿಲ್ಲ. ಅಂಗಡಿಯಲ್ಲೇ ಹೇಳಿ ಬಂದಿದ್ದೇನೆ. "ನಿಮ್ಮಿಬ್ಬರದ್ದು ಇತ್ಯರ್ಥ ಆಗೋವರ್ಗೂ ಮಾಲು ಒಳಗಿಡ್ತೀನಿ ಸಾರ್. ಆಷಾಢ ಮುಗಿಯೋದ್ರೊಳಗೆ ಏನಾದ್ರೂ ಒಂದು ಪ್ರೂಫ್ ತನ್ನಿ" ಅಂದರು. ತರುತ್ತೇನೆ. ಐ ಸ್ಟ್ರಾಂಗ್ಲಿ ಅಬ್ಜೆಕ್ಟೆಡ್. ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ಹೇಳುತ್ತಿದ್ದರು, ಟ್ರುತ್ ವಿಲ್ ಕಮ್ ಔಟ್ ಲೈಕ್ ಎ... ಯಾವುದರ ಹಾಗೆ ಎಂಬುದು ಮರೆತಿದೆ. ಬರುವುದಂತೂ ಖಂಡಿತ.

ಇನ್ನೊಂದು ಮಾತು. ನಿಮ್ಮ ಕಡೆ ಅಕ್ಕನ ಗಂಡನಿಗೆ ಮಾವ ಅನ್ನುತ್ತೀರಿ, ನಮ್ಮ ತುಮಕೂರು ಕಡೆ ಭಾವ. ಎರಡೂ ಬೇಡ. ಉತ್ತರ ಬರೆಯುವ ಮುಖವಿದ್ದರೆ ಮಿಸ್ಟರ್ ಗುರುಶಾಂತಪ್ಪ ಎಂದು ಬರೆ.

ಗುರುಶಾಂತಪ್ಪ


ಗುಳೇದಗುಡ್ಡ
11 ಜೂನ್ 2024

ಮಿಸ್ಟರ್ ಗುರುಶಾಂತಪ್ಪನವರಿಗೆ ಚನ್ನವೀರನ ಶರಣು.

ನಿಮ್ಮ ಕಾಗದ ಮುಟ್ಟಿತು. ಕೂತು ಓದಿದೆ. ಅವ್ವ ಏನು ಬರದಾರ ಅಂತ ಕೇಳಿದಳು. ಆರಾಮ ಇದ್ದಾರಂತ, ನಿನಗ ಶರಣು ಹೇಳ್ಯಾರ ಅಂದೆ.

ಫೋನು ನಾ ಕಟ್ ಮಾಡಲಿಲ್ಲ. ಕರೆಂಟ್ ಹೋಗಿ ಟವರ್ ಬಿತ್ತು. ಮತ್ತೆ ಹಚ್ಚಿದೆ, ನೀವು ಬ್ಲಾಕ್ ಮಾಡಿದ್ರಿ.

ಅಂಗಡಿಯವರು ನನಗೂ ಫೋನ್ ಮಾಡಿ ಆರ್ಡರ್ ನಿಲ್ಲಿಸು ಅಂದರು. ಈಗ ನಮ್ಮ ಓಣಿಯಲ್ಲಿ ನಾಲ್ಕು ಮಗ್ಗ ನಿಂತಿವೆ. ಅದರಲ್ಲಿ ಒಂದು ರೇಣವ್ವಂದು. ಗಂಡ ಇಲ್ಲದ ಹೆಣ್ಣಮಗಳು, ಆ ಆರ್ಡರ್ ನಂಬಿ ಮಗ್ಗಕ್ಕ ಹೊಸ ಹಾಸಿನ ನೂಲು ಹೂಡಿದ್ದಳು. ನಿಮಗ ಗೊತ್ತಿರಲಿ ಅಂತ ಬರದೆ, ಒತ್ತಾಯಕ್ಕಲ್ಲ.

ಹೂವಿನ ಬಗ್ಗೆ ನಾನು ಏನೂ ಹೇಳಂಗಿಲ್ಲ. ಅದು ಅಕ್ಕಂದು ಅಂತ ನೀವಂದ್ರ ಅಕ್ಕಂದ ಇರಲಿ. ಚೀಟಿ ನಾ ಬರದದ್ದಲ್ಲ, ಅಂಗಡಿಯವರು ಹಚ್ಚಿದ್ದು.

ಬಿಪಿ ಗುಳಿಗಿ ಬಿಡಬ್ಯಾಡ್ರಿ.

ಚನ್ನವೀರ


ಜರಗನಹಳ್ಳಿ
19 ಜೂನ್ 2024

ಚನ್ನವೀರ,

"ನೀವಂದ್ರ ಅಕ್ಕಂದ ಇರಲಿ." ಆಹಾ! ಏನು ದಾನಶೂರನಪ್ಪಾ ನೀನು. ಭಿಕ್ಷೆ ಹಾಕುತ್ತೀಯಾ? ಅವಳದು ಹೌದೋ ಅಲ್ಲವೋ, ಯೆಸ್ ಆರ್ ನೋ, ಅಷ್ಟು ಹೇಳಲು ಬಾಯಿಗೇನು ಬಂದಿದೆ? ಕಳ್ಳ ಮಾತ್ರ ಹೀಗೆ ಅಡ್ಡಗೋಡೆಯ ಮೇಲೆ ದೀಪ ಇಡುತ್ತಾನೆ. ರೇಣವ್ವನನ್ನು ಮುಂದೆ ಮಾಡಿ ನನ್ನ ಹೊಟ್ಟೆ ಉರಿಸಬೇಡ. ಅವಳ ಹಾಸು ನಿಂತದ್ದು ನಿನ್ನಿಂದ.

ಬೇಡ, ನೀನು ಹೇಳಬೇಡ. ಅವಳೇ ಹೇಳುತ್ತಾಳೆ. ದಾನಮ್ಮ ಜಯನಗರದಲ್ಲಿ ಸಂಜೆ ಕ್ಲಾಸಿಗೆ ಹೋಗಿ ಕಂಪ್ಯೂಟರಿನ ಸಿ ಭಾಷೆ ಕಲಿತದ್ದು ನಿನಗೆ ನೆನಪಿರಬೇಕು. ತೊಂಬತ್ತೈದರ ಬೇಸಿಗೆಯಲ್ಲಿ ನಿಮ್ಮೂರಿಗೆ ಬಂದು, ನಿಮ್ಮಪ್ಪ ಯಾರಿಂದಲೋ ಕೊಂಡಿದ್ದ ಹಳೆಯ ಕಂಪ್ಯೂಟರಿನ ಮುಂದೆ ಕೂತು ಒಂದು ಪ್ರೋಗ್ರಾಂ ಬರೆದಳು. ಹೂವಿಗೆ ಮಗ್ಗದ ರಟ್ಟಿನ ಪಟ್ಟಿಗಳಲ್ಲಿ ಎಲ್ಲೆಲ್ಲಿ ತೂತು ಹೊಡೆಯಬೇಕು ಎಂದು ಅದು ಅಚ್ಚು ಹಾಕಿ ಕೊಡುತ್ತಿತ್ತು. ಅದರ ಹೆಸರು ಖಣ ಡಾಟ್ ಸಿ. ಅವಳ ಲ್ಯಾಪ್‌ಟಾಪಿನಲ್ಲಿ ಇನ್ನೂ ಇದೆ. ಅದನ್ನು ಓಡಿಸಿದರೆ ಹೂವು ಬರುತ್ತದೆ, ನಾಲ್ಕೂ ಎಸಳು ಸಮ ಇರುತ್ತವೆ, ಅದನ್ನು ಕಮಲಾದೇವಿಯವರ ಮೇಜಿನ ಮೇಲೆ ಇಟ್ಟು ಬರುತ್ತೇನೆ. ಫಿನಿಶ್.

ಓಡಿಸುವ ಮುಂಚೆ ಕಂಪೈಲ್ ಮಾಡಬೇಕು, ಎಂದರೆ ಅವಳು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸಬೇಕು. ಕತ್ರಿಗುಪ್ಪೆಯ ಸ್ಕೂಲಿನಲ್ಲಿ ಅವಳು ಕಂಪ್ಯೂಟರ್ ಪಾಠ ಮಾಡುತ್ತಿದ್ದಾಗ ನಾನು ಕರೆದುಕೊಂಡು ಬರಲು ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆ. ಬೋರ್ಡಿನ ಮೇಲೆ ಕಂಡದ್ದು ಅಷ್ಟಿಷ್ಟು ತಲೆಯಲ್ಲಿದೆ. ಟೈಪು ಮಾಡಿದೆ. ಬಂದ ಉತ್ತರ ಏನು? "ಫೇಟಲ್ ಎರರ್: ಕೊನಿಯೋ ಡಾಟ್ ಎಚ್: ನೋ ಸಚ್ ಫೈಲ್ ಆರ್ ಡೈರೆಕ್ಟರಿ. ಕಂಪೈಲೇಷನ್ ಟರ್ಮಿನೇಟೆಡ್." ಫೇಟಲ್ ಅಂತೆ! ಆಸ್ಪತ್ರೆಯಲ್ಲಿ ಆ ಚಿಕ್ಕ ಡಾಕ್ಟರ್ ಬಾಯಲ್ಲಿ ಕೇಳಿದ ಮೇಲೆ ಆ ಪದವನ್ನು ನಾನು ಮತ್ತೆ ನೋಡಬಾರದೆಂದಿದ್ದೆ. ಲ್ಯಾಪ್‌ಟಾಪನ್ನು ಎತ್ತಿ ಹಾಕುತ್ತಿದ್ದೆ, ಅವಳದ್ದೆಂದು ಬಿಟ್ಟೆ.

ಡಾಟ್ ಎಚ್ ಎಂದು ಮುಗಿಯುವುದು ಹೆಡರ್ ಫೈಲ್; ಹಾಗೆಂದರೇನೆಂದು ನಿನಗೆ ತಿಳಿಯದು. ಅವಳು ಮಕ್ಕಳಿಗೆ ಹೇಳುತ್ತಿದ್ದಳು: ಪ್ರೋಗ್ರಾಮಿನ ಮೊದಲ ಸಾಲುಗಳು ಮದುವೆ ಮನೆಗೆ ಹಿರಿಯರನ್ನು ಕರೆಯುವ ಸಾಲುಗಳು. ಅವರು ಬಂದು ಕೂರುವವರೆಗೆ ತಾಳಿ ಕಟ್ಟುವ ಹಾಗಿಲ್ಲ. ಒಬ್ಬರು ಬರಲಿಲ್ಲವೋ, ಅಲ್ಲಿಗೆ ನಿಂತಿತು. ಹಾಗೆ ಕೊನಿಯೋ ಬರಲಿಲ್ಲ. ಅದು ಹಳೆಯ ಡಾಸ್ ಕಾಲದ್ದಂತೆ, ಈಗಿನ ಕಂಪೈಲರಿನ ಭಂಡಾರದಲ್ಲಿ ಇಲ್ಲವಂತೆ. ಎರಡು ದಿನ ಹುಡುಕಿದ ಮೇಲೆ ತಿಳಿಯಿತು, ಅವಳು ಅದನ್ನು ಕರೆದದ್ದು ಪರದೆ ಒರೆಸಲು, ಕೊನೆಗೆ ಒಂದು ಕೀಲಿ ಒತ್ತುವವರೆಗೆ ಕಾಯಲು, ಅಷ್ಟಕ್ಕೇ. ಆ ಸಾಲುಗಳ ಮುಂದೆ ಎರಡೆರಡು ಓರೆ ಗೀಟು ಎಳೆದೆ. ಗೀಟೆಳೆದ ಸಾಲನ್ನು ಯಂತ್ರ ಓದುವುದಿಲ್ಲ.

ಸರಿ ಹೋಯಿತೆಂದುಕೊಂಡರೆ ಇನ್ನೊಬ್ಬ ಬಂದ. ಗ್ರಾಫಿಕ್ಸ್ ಡಾಟ್ ಎಚ್, ನೋ ಸಚ್ ಫೈಲ್. ಒಂದೇ ಸಲ ಎಲ್ಲ ಹೇಳಿ ಸಾಯಬಾರದೇ? ಒಂದನ್ನು ಸರಿ ಮಾಡಿದ ಮೇಲೆಯೇ ಇನ್ನೊಂದನ್ನು ಹೇಳುತ್ತದೆ, ನಮ್ಮ ವಾರ್ಡ್ ಆಫೀಸಿನ ಹಾಗೆ. ಗ್ರಾಫಿಕ್ಸನ್ನು ಅವಳು ಕರೆದದ್ದು ಯಾತಕ್ಕೆ ಗೊತ್ತೇ? ಹೂವಿಗಲ್ಲ. ಹೂವು ಬರೀ ಎಕ್ಸ್ ಮತ್ತು ಚುಕ್ಕಿಗಳಲ್ಲಿ ಬರುತ್ತದೆ. ಮೊದಲ ಪರದೆಯ ಮೇಲೆ ದಾನಮ್ಮ ಎಂದು ದೊಡ್ಡ ಅಕ್ಷರದಲ್ಲಿ ಹೆಸರು ಮೂಡಿಸಲು. ಅವಳ ಹೆಸರು ಉಳಿಸಲು ಹೊರಟವನು ಅವಳ ಹೆಸರಿನ ಸಾಲುಗಳಿಗೇ ಗೀಟು ಎಳೆದೆನಪ್ಪಾ. ಆ ಪಾಪವೂ ನಿನ್ನ ಲೆಕ್ಕಕ್ಕೆ.

ಈಗ ಮೂರನೆಯದು. ತವರು ಡಾಟ್ ಎಚ್, ನೋ ಸಚ್ ಫೈಲ್.

ಹೆಡರಿನ ಹೆಸರು ಬಾಣದ ಗುರುತಿನೊಳಗಿದ್ದರೆ ಕಂಪೈಲರಿನ ಭಂಡಾರದಲ್ಲಿ ಹುಡುಕಬೇಕು. ಕೋಟ್ ಗುರುತಿನೊಳಗಿದ್ದರೆ ಅದು ಮನೆಯಲ್ಲೇ ಬರೆದದ್ದು, ಪ್ರೋಗ್ರಾಂ ಬರೆದವರು ತಾವೇ ಬರೆದಿಟ್ಟದ್ದು. ತವರು ಇರುವುದು ಕೋಟಿನೊಳಗೆ. ಅವಳು ಅದನ್ನು ಇಲ್ಲಿಗೆ ತರಲಿಲ್ಲ. ಅಲ್ಲಿನ ಕಂಪ್ಯೂಟರಿನಲ್ಲೇ ಬಿಟ್ಟು ಬಂದಿದ್ದಾಳೆ. ಎಂದರೆ ನಿನ್ನ ಹತ್ತಿರ ಇದೆ. ಕಳಿಸು. ಮರ್ಯಾದೆಯಾಗಿ ಕಳಿಸು.

ಗುರುಶಾಂತಪ್ಪ


ಗುಳೇದಗುಡ್ಡ
27 ಜೂನ್ 2024

ಮಿಸ್ಟರ್ ಗುರುಶಾಂತಪ್ಪನವರಿಗೆ,

ನೀವು ಕೇಳಿದ ಫೈಲು ಇಲ್ಲಿಲ್ಲ. ಆ ಕಂಪ್ಯೂಟರ್ ಅಪ್ಪ ತೀರಿಕೊಂಡ ವರ್ಷನ ಗುಜರಿಗೆ ಹೋತು. ಟಿ.ವಿ. ತರಹದ ಪೆಟ್ಟಿಗಿ ಮಾತ್ರ ಅಟ್ಟದ ಮ್ಯಾಲ ಐತಿ, ಅದರೊಳಗ ಬೆಕ್ಕು ಮರಿ ಹಾಕೇತಿ.

ಅಕ್ಕ ಆ ಫೈಲಿಗೆ ತವರು ಅಂತ ಹೆಸರಿಟ್ಟಿದ್ದು ನನಗ ಗೊತ್ತಿರಲಿಲ್ಲ. ಅವ್ವಗ ಹೇಳಿದೆ. ಆಕಿ ಆವತ್ತು ಮಧ್ಯಾಹ್ನ ಉಣಲಿಲ್ಲ.

ರೇಣವ್ವ ಹಾಸು ಹಂಗ ಬಿಟ್ಟು ಮದುವಿ ಮನಿ ಅಡಗಿ ಕೆಲಸಕ್ಕ ಹೊಂಟಾಳ. ಇದನ್ನ ಬರೀಬಾರದು ಅಂತಿದ್ದೆ.

ಚನ್ನವೀರ


ಜರಗನಹಳ್ಳಿ
5 ಜುಲೈ 2024

ಚನ್ನವೀರ,

ಬೆಕ್ಕು ಮರಿ ಹಾಕಿದೆಯಂತೆ! ನನ್ನ ಸಂಸಾರದ ಸಾಕ್ಷಿಯೊಳಗೆ ಬೆಕ್ಕಿನ ಬಾಣಂತನ. ನಂಬಿದೆ ಅಂತ ತಿಳಿಯಬೇಡ. ನಂಬಲಿಲ್ಲ.

ನೀನು ಕೊಡದಿದ್ದರೆ ಕೆಲಸ ನಿಲ್ಲುವುದಿಲ್ಲ. ಯಂತ್ರ ಕೇಳುತ್ತಿರುವುದು ತವರು ಡಾಟ್ ಎಚ್ ಎಂಬ ಒಂದು ಫೈಲು ತಾನೇ? ಅದೇ ಹೆಸರಿನ ಒಂದು ಖಾಲಿ ಫೈಲು ಮಾಡಿ ಪಕ್ಕದಲ್ಲಿ ಇಟ್ಟೆ. ಒಂದಕ್ಷರ ಇಲ್ಲ ಅದರಲ್ಲಿ. ನೀವು ಅವಳಿಗೆ ಕೊನೆಯ ಹತ್ತು ವರ್ಷ ಕೊಟ್ಟ ತವರೂ ಅಷ್ಟೇ ತಾನೇ, ಬರೀ ಹೆಸರು.

ಕಾರ್ಖಾನೆಯಲ್ಲಿ ಇಂಥ ಉಪಾಯ ಮಾಡಿದವರಿಗೆ ನಾನು ಮೆಮೋ ಕೊಡುತ್ತಿದ್ದೆ, ಒಳಗೆ ಮೆಷಿನ್ ಇಲ್ಲದ ಗಡಿಯಾರಕ್ಕೆ ಮುಚ್ಚಳ ಹಾಕಿದ ಹಾಗೆ. ಇರಲಿ. ನೋ ಸಚ್ ಫೈಲ್ ಎನ್ನುವುದು ನಿಂತಿತು. ಫೇಟಲ್ ಹೋಯಿತು. ಅದರ ಬದಲು ಬೇರೆ ಬೈಗುಳ ಸುರುವಾಯಿತು. ಮೊದಲ ಸಾಲನ್ನು ಹಾಗೆಯೇ ಬರೆಯುತ್ತೇನೆ, ಕಣ್ಣು ಬಿಟ್ಟು ಓದು:

"ಇನ್ ಫಂಕ್ಷನ್ ಚನ್ನ: ಎರರ್."

ಓದಿದೆಯಾ? ಮನುಷ್ಯನಾದ ನಾನಲ್ಲ ಹೇಳುತ್ತಿರುವುದು. ನಿನ್ನ ಮುಖವನ್ನೇ ನೋಡದ, ನಿನ್ನ ಊರು ಕೇರಿ ತಿಳಿಯದ ಯಂತ್ರ ಹೆಸರು ಹಿಡಿದು ಹೇಳುತ್ತಿದೆ, ದೋಷ ಇರುವುದು ಚನ್ನನಲ್ಲಿ ಎಂದು! ನಾನು ಎದ್ದು ನಿಂತು ಒಬ್ಬನೇ ಚಪ್ಪಾಳೆ ತಟ್ಟಿದೆ. ಅವಳು ಆಗಲೇ ನಿನ್ನನ್ನು ಅರಿತು ಪ್ರೋಗ್ರಾಮಿನೊಳಗೆ ನಿನ್ನ ಹೆಸರು ಬರೆದಿಟ್ಟಿದ್ದಳೋ ಏನೋ. ತಮ್ಮ ಒಂದು ದಿನ ಹೀಗೆ ಮಾಡುತ್ತಾನೆಂದು ಅಕ್ಕಂದಿರಿಗೆ ತಿಳಿಯದೇ?

ಯಂತ್ರದ ಮುಂದಿನ ದೂರು ಇದು: ELE ಅನ್ನುವುದು ಏನೆಂದು ಯಾರೂ ಹೇಳಿಲ್ಲ. ಇಂಗ್ಲಿಷ್ ಡಿಕ್ಷನರಿ ನೋಡಿದೆ, ಎಲಿಫೆಂಟ್, ಎಲೆಕ್ಷನ್ ಬಿಟ್ಟರೆ ಏನಿಲ್ಲ. ಆಮೇಲೆ ಹೊಳೆಯಿತು, ಎಳೆ. ಒಂದು ಎಸಳಿಗೆ ಎಷ್ಟು ಎಳೆ ಎಂಬ ಅಂಕಿ ತವರು ಡಾಟ್ ಎಚ್‌ನಲ್ಲಿತ್ತು. ಆ ಒಂದು ಅಂಕಿಯನ್ನು ಫೈಲಿನಲ್ಲಿ ಬರೆದರೆ ಹೂವು ಬಂದುಬಿಡುತ್ತದೆ.

ಅಂಗಡಿಗೆ ಹೋಗಿ ಸೀರೆ ನೋಡಿ ಎಣಿಸಬಹುದಿತ್ತು. ಹೋಗುವುದಿಲ್ಲ. ನೀನು ಕದ್ದು ನೇಯ್ದದ್ದರ ಲೆಕ್ಕ ನನಗೆ ಬೇಡ, ಮೂಲದ ಅಂಕಿ ಬೇಕು. ನಿಮ್ಮಪ್ಪ ಮದುವೆಯ ಖಣಕ್ಕೆ ಒಂದು ಎಸಳಿಗೆ ಎಷ್ಟು ಎಳೆ ಹಾಕಿದ್ದ? ಅಷ್ಟು ಬರೆ. ಅಂಕಿ ಬಿಟ್ಟು ಒಂದಕ್ಷರ ಹೆಚ್ಚು ಬರೆದರೂ ಓದುವುದಿಲ್ಲ. ನಾಳೆಯಿಂದ ಆಷಾಢ, ನೆನಪಿರಲಿ.

ಗುರುಶಾಂತಪ್ಪ


ಗುಳೇದಗುಡ್ಡ
12 ಜುಲೈ 2024

ಇಪ್ಪತ್ತೊಂದು.

ಚನ್ನವೀರ


ಜರಗನಹಳ್ಳಿ
18 ಜುಲೈ 2024

ಚನ್ನವೀರ,

ಇಪ್ಪತ್ತೊಂದು ಹಾಕಿದೆ. ಖಾಲಿಯಿದ್ದ ತವರು ಡಾಟ್ ಎಚ್‌ನಲ್ಲಿ ಒಂದೇ ಸಾಲು, ಎಳೆ ಎಂದರೆ ಇಪ್ಪತ್ತೊಂದು. ಕಂಪೈಲ್ ಕೊಟ್ಟೆ. ಯಂತ್ರ ಏನೂ ಹೇಳಲಿಲ್ಲ. ಅದು ಸುಮ್ಮನಿದ್ದರೆ ಒಪ್ಪಿತೆಂದು ಅರ್ಥ ಎಂದು ಅವಳು ಮಕ್ಕಳಿಗೆ ಹೇಳುತ್ತಿದ್ದಳು.

ಓಡಿಸಿದೆ. ಎಕ್ಸು, ಚುಕ್ಕಿ, ಎಕ್ಸು, ಚುಕ್ಕಿ, ಸಾಲುಸಾಲಾಗಿ ಇಳಿದು ಹೂವು ಬಂತು. ಒಲೆಯ ಮೇಲೆ ಹಾಲು ಇಟ್ಟದ್ದು ಮರೆತಿದ್ದೆ, ಉಕ್ಕಿ ಹೋಯಿತು. ಹೋಗಲಿ.

ಪರದೆಗೆ ಭೂತಗನ್ನಡಿ ಹಿಡಿದು ಎಣಿಸಿದೆ. ಒಂದನೆಯ ಎಸಳು ಇಪ್ಪತ್ತೊಂದು. ಎರಡು, ಮೂರು, ಅಷ್ಟೇ. ನಾಲ್ಕನೆಯದು ಇಪ್ಪತ್ತು.

ನಾನೇ ತಪ್ಪಿದೆನೆಂದು ಕನ್ನಡಕ ಬದಲಿಸಿ ಎಣಿಸಿದೆ. ಇಪ್ಪತ್ತು. ನೀನು ಬೇಕೆಂದೇ ತಪ್ಪು ಅಂಕಿ ಕೊಟ್ಟೆಯೆಂದು ಸಿಟ್ಟು ಬಂತು. ಆದರೆ ಅಂಕಿ ತಪ್ಪಾಗಿದ್ದರೆ ನಾಲ್ಕೂ ತಪ್ಪಬೇಕಲ್ಲ? ಹಿಂದೆ ಯಂತ್ರ ನಿನ್ನ ಹೆಸರು ಹೇಳಿ ಬೈದಾಗ ಕೆಳಗೊಂದು ಸಾಲು ತೋರಿಸಿತ್ತು. ಅವತ್ತು ಚಪ್ಪಾಳೆ ತಟ್ಟುವ ಭರದಲ್ಲಿ ನಾನು ಅದನ್ನು ಓದಲಿಲ್ಲ. ಇವತ್ತು ಓದಿದೆ. ಮೊದಲ ಮೂರು ಎಸಳನ್ನು ಅವಳು ಒಂದೇ ಕಡೆ ಬರೆದಿದ್ದಾಳೆ, ಎಳೆ, ಎಳೆ, ಎಳೆ. ನಾಲ್ಕನೆಯದಕ್ಕೆ ಮಾತ್ರ ಫಂಕ್ಷನ್ ಎಂಬ ಬೇರೆ ಒಂದು ಕೋಣೆಯನ್ನೇ ಕಟ್ಟಿ ಅದಕ್ಕೆ ಚನ್ನ ಎಂದು ಹೆಸರಿಟ್ಟು ಒಳಗೆ ಬರೆದಿದ್ದಾಳೆ: ಎಳೆ ಮೈನಸ್ ಒಂದು.

ಕೈತಪ್ಪಿ ಬರೆದದ್ದಲ್ಲ. ಮೈನಸ್ ಒಂದು ಎಂದು ಯಾರೂ ಕೈತಪ್ಪಿ ಬರೆಯುವುದಿಲ್ಲ.

ಏನೋ ಇದು? ಯಾಕೆ ಹಾಗೆ ಬರೆದಳು? ಈ ಸಲ ಒಂದು ಅಂಕಿ ಗೀಚಿ ಕಳಿಸಿದರೆ ನಾನೇ ಬಸ್ಸು ಹತ್ತಿ ಬಂದು ನಿನ್ನ ಮಗ್ಗದ ಮುಂದೆ ಕೂರುತ್ತೇನೆ. ಪೂರ್ತಿ ಬರೆ. ಎಷ್ಟು ಹಾಳೆಯಾದರೂ ಓದುತ್ತೇನೆ.

ಗುರುಶಾಂತಪ್ಪ


ಗುಳೇದಗುಡ್ಡ
24 ಜುಲೈ 2024

ಮಾವಾರಿಗೆ ಚನ್ನವೀರನ ಶರಣು.

ಮಿಸ್ಟರ್ ಅಂತ ಬರೀಲಿಕ್ಕೆ ಈ ಸಲ ಕೈ ಏಳಲಿಲ್ಲ. ಸಿಟ್ಟಾದರ ಆಗ್ರಿ.

ಅಕ್ಕನ ಮದುವಿ ಗೊತ್ತಾದಾಗ ನನಗ ಹತ್ತು ವರ್ಷ. ಬೆಂಗಳೂರಿಗೆ ಕೊಡತಾರಂತ ಕೇಳಿ ನಾನು ಕುಣಿಮಗ್ಗದ ಹಿಂದ ಹೋಗಿ ಕುಂತುಬಿಟ್ಟೆ. ಅಲ್ಲಿ ಗ್ವಾಡಿ ಮ್ಯಾಲ ಇದ್ದಲಿಲೇ ಒಂದು ಹೂವು ಬರದೆ. ಅಕ್ಕಗ ಏನರೆ ಕೊಡಬೇಕಂತ ಆಸೆ, ಕೈಯಾಗ ಏನೂ ಇಲ್ಲ. ಮೂರು ಎಸಳು ಚಂದ ಬಂದ್ವು. ನಾಕನೇದಕ್ಕ ಬರೂದ್ರಾಗ ಗ್ವಾಡಿ ಮುಗದು ದೀಪದ ಗೂಡು ಬಂತು. ಎಸಳು ಗಿಡ್ಡಾತು. ನಾ ಅಳಾಕ ಹತ್ತಿದೆ.

ಅಪ್ಪ ನೋಡಿದ, ನಕ್ಕ, ಇದನ್ನ ಖಣಕ್ಕ ಹಾಕೂಣು ಅಂದ. ಹಾಸಿನ ಮ್ಯಾಲ ಎಣಸುವಾಗ ನಾಕನೇದನ್ನ ಸರಿ ಮಾಡಾಕ ಹೋದ. ಅಕ್ಕ ಬಂದು ಅಪ್ಪನ ಕೈ ಹಿಡದ್ಲು. "ಅಪ್ಪಾ, ಅದನ್ನ ಮುಟ್ಟಿದ್ರ ನಾ ಆ ಕುಬಸ ತೊಡಂಗಿಲ್ಲ. ಅದು ನಮ್ಮ ಚನ್ನ ಬರದದ್ದು, ಹಂಗ ಬರಲಿ" ಅಂದ್ಲು. ಅವತ್ತಿನಿಂದ ನಮ್ಮ ಮನ್ಯಾಗ ಆ ಹೂವು ನೇಯ್ದಾಗೆಲ್ಲ ನಾಕನೇ ಎಸಳು ಒಂದೆಳಿ ಕಡಿಮಿ. ಬ್ಯಾರೆ ಯಾರೂ ಗಮನಿಸಿಲ್ಲ ಮಾವಾರ. ನಿಮ್ಮ ಕನ್ನಡಿಗೆ ಮಾತ್ರ ಸಿಕ್ಕಿತು.

ಇನ್ನ ನಾ ಯಾಕ ಬಾಯಿ ಬಿಡಲಿಲ್ಲ ಅನ್ನೂದು. ನಿಮ್ಮ ಜರಗನಹಳ್ಳಿ ಮನಿ ಗೃಹಪ್ರವೇಶದಾಗ ಅಕ್ಕ ಅದೇ ಖಣ ತೊಟ್ಟಿದ್ಲು. ನೀವು ಕಾರ್ಖಾನಿ ಮಂದಿಗೆಲ್ಲ ಆಕಿನ್ನ ಕರದು ನಿಲ್ಲಿಸಿ, "ಡಿಸೈನ್ಡ್ ಬೈ ಮೈ ವೈಫ್" ಅಂತ ಹೇಳಿಕೋತ ಅಡ್ಡಾಡತಿದ್ರಿ. ನಾ ನಡುವ ಬಾಯಿ ತೆರದೆ. ಅಕ್ಕ ಅಡಗಿ ಮನಿಗೆ ಎಳಕೊಂಡು ಹೋಗಿ ನಕ್ಕು ನಕ್ಕು ಕಣ್ಣೀರು ಒರಸ್ಕೊಂಡ್ಲು. ಆಮ್ಯಾಲ ಅಂದ್ಲು: "ಚನ್ನಾ, ಇವರು ತಮ್ಮ ಬಗ್ಗೆ ಒಂದು ದಿನಾನೂ ಹೆಮ್ಮಿ ಪಟ್ಟಾವರಲ್ಲ. ದಿನಾ ಮಂದಿ ತಪ್ಪು ಹುಡುಕಿ ಹುಡುಕಿ ಸಾಕಾಗಿ ಮನಿಗೆ ಬರತಾರ. ಈ ಒಂದು ಹೂವಿನ ಮಾತು ಬಂದ್ರ ಮಾರಿ ಅರಳತೈತಿ. ನಿನ್ನ ಹೂವು ಒಂದೀಟು ನನಗ ಸಾಲ ಕೊಡು. ಅವರಿಗೆ ಹೇಳಬ್ಯಾಡ." ನಾ ಮಾತು ಕೊಟ್ಟೆ.

ಕಡೀಕ ಆ ಖಣ ತೊಡಸ್ರಿ ಅಂತ ಅವ್ವಗ ಹೇಳಿದ್ದೂ ಅಕ್ಕನ. ಅದನ್ನ ನೀವು ನನ್ನ ತಲಿಗೆ ಕಟ್ಟಿದ್ರಿ. ಓದಿದ ದಿನ ಖರೇನ ಸಿಟ್ಟು ಬಂದಿತ್ತು. "ಬರೀ ಹೆಸರಿನ ತವರು" ಅಂದ್ರಲ್ಲ, ಅದು ಇನ್ನೂ ಇಳದಿಲ್ಲ. ಹತ್ತು ವರ್ಷ ನಾಗರ ಪಂಚಮಿಗೆ ಕರಿಯಾಕ ಬಂದಾಗೆಲ್ಲ ಅಕ್ಕ ಏನಂತಿದ್ಲು ಕೇಳ್ರಿ. "ನಾ ಬಂದ್ರ ಇವರು ಅನ್ನ ಹೊತ್ತಿಸಿಕೊಂಡು ಉಣತಾರ, ಮುಂದಿನ ವರ್ಷ ನೋಡೂಣು." ಕಳಿಸಲಿಲ್ಲ ಅಂತ ನಾವು ನಿಮಗ ಅಂದೇವೇನು?

ಎಳಿ ಎಷ್ಟು ಅಂತ ನೀವು ಕೇಳಿದಾಗ ನನಗ ಗೊತ್ತಿತ್ತು, ಅಂಕಿ ಕೊಟ್ಟರ ಏನು ಬರತೈತಿ ಅಂತ. ಎರಡು ದಿನ ವಿಚಾರ ಮಾಡಿದೆ. ಅವ್ವ ಅಂದ್ಲು, "ಕೊಡು. ನೀ ಹೇಳಿದಂಗ ಆಗಂಗಿಲ್ಲ, ದಾನಿನೇ ಹೇಳತಾಳ." ಹಂಗ ಆತು. ನಾ ಮಾತು ತಪ್ಪಲಿಲ್ಲ.

ಚೀಟಿ ಹರದು ಹಾಕಸ್ರಿ. ಅಕ್ಕನ ಹೆಸರು ಹಚ್ಚಸ್ರಿ. ನನಗ ಏನೂ ಬ್ಯಾಡ. ರೇಣವ್ವನ ಹಾಸು ಒಂದು ಬಿಡಸ್ರಿ ಸಾಕು.

ನಿಮ್ಮ ಚನ್ನವೀರ


ಜರಗನಹಳ್ಳಿ
1 ಆಗಸ್ಟ್ 2024

ಚನ್ನವೀರ,

ನನ್ನ ಸಿಟ್ಟು ಇಳಿದಿದೆ ಎಂದುಕೊಳ್ಳಬೇಡ. ದಿಕ್ಕು ಬದಲಿಸಿದೆ ಅಷ್ಟೆ. ಮೂವತ್ತೇಳು ವರ್ಷ! ಮೂವತ್ತೇಳು ವರ್ಷ ಒಂದೇ ಮನೆಯಲ್ಲಿ ಒಂದೇ ಕುಕ್ಕರಿನ ಅನ್ನ ಉಂಡವಳು, ನಾನು ಊರಿಗೆಲ್ಲ ಸುಳ್ಳು ಸಾರುವುದನ್ನು ಬಾಗಿಲ ಸಂದಿಯಿಂದ ನೋಡಿ ನಗುತ್ತಿದ್ದಳಂತೆ. ನಿನ್ನೆಯಿಂದ ಅವಳ ಫೋಟೋದ ಮುಂದೆ ನಿಂತು ಬೈಯುತ್ತಿದ್ದೇನೆ. ಅದು ಗೃಹಪ್ರವೇಶದ ಫೋಟೋ. ನಾನು ಎದೆ ಉಬ್ಬಿಸಿ ನಿಂತಿದ್ದೇನೆ, ಅವಳು ತುಟಿ ಕಚ್ಚಿಕೊಂಡಿದ್ದಾಳೆ. ಬಿಸಿಲಿಗೆ ಹಾಗೆ ಮಾಡಿದ್ದಾಳೆಂದು ಇಷ್ಟು ವರ್ಷ ತಿಳಿದಿದ್ದೆ.

ನನಗೆ ನನ್ನ ಮೇಲೂ ಬೇರೆ ಸಿಟ್ಟಿದೆ. ಇನ್‌ಸ್ಪೆಕ್ಷನ್ ಸೆಕ್ಷನ್ನಿನವನು! ಊರವರ ಗಡಿಯಾರದ ಕೂದಲೆಳೆಯ ದೋಷ ಕಂಡವನಿಗೆ ಎದುರಿಗೇ ಓಡಾಡುತ್ತಿದ್ದ ಹೂವಿನ ಗಿಡ್ಡ ಎಸಳು ಕಾಣಲಿಲ್ಲ. ಹೆಂಡತಿಯ ಕುಪ್ಪಸಕ್ಕೆ ಭೂತಗನ್ನಡಿ ಹಿಡಿಯುವ ಗಂಡ ಯಾವನಿದ್ದಾನೆ ಹೇಳು. ತವರಿನ ವಿಷಯದಲ್ಲಿ ನಾನು ಬರೆದ ಮಾತಿಗೆ ಎರಡು ಗೀಟು ಎಳೆದುಕೋ. ಯಂತ್ರ ಓದುವುದಿಲ್ಲ, ನೀನೂ ಓದಬೇಡ. ಪಂಚಮಿಯ ವಿಷಯ ನನಗೆ ತಿಳಿದಿರಲಿಲ್ಲ. ನನ್ನ ಮುಂದೆ "ಅಲ್ಲಿ ಸೆಖೆ, ಯಾರು ಹೋಗ್ತಾರೆ" ಅನ್ನುತ್ತಿದ್ದಳು.

ನಿನ್ನ ಕಾಗದ ಬಂದ ದಿನವೇ ಲ್ಯಾಪ್‌ಟಾಪು ಹೊತ್ತು ಕಮಲಾದೇವಿಯವರ ಅಂಗಡಿಗೆ ಹೋದೆ. ಹೂವು ಓಡಿಸಿ ತೋರಿಸಿದೆ.

"ನೋಡಿ, ಇದು ನನ್ನ ಹೆಂಡತಿ ಬರೆದ ಪ್ರೋಗ್ರಾಂ. ಹೂವು ಅವಳದ್ದಲ್ಲ, ಅವಳ ತಮ್ಮಂದು. ಚೀಟಿಯಲ್ಲಿ ಇದ್ದದ್ದೇ ಸರಿ. ನಾನು ಹೇಳಿದ್ದು ಸುಳ್ಳು" ಅಂದೆ. ಅಷ್ಟು ಹೇಳಲು ಎರಡು ಲೋಟ ನೀರು ಬೇಕಾಯಿತು.

ಆಯಮ್ಮ ನಿಟ್ಟುಸಿರು ಬಿಟ್ಟು, "ಸದ್ಯ. ಮೂರು ಜನ ಕಸ್ಟಮರ್ಸ್ ಕೇಳಿ ವಾಪಸ್ ಹೋದ್ರು ಸಾರ್. ಹಾಗಾದ್ರೆ ಆರ್ಡರ್ ಕಂಟಿನ್ಯೂ ಮಾಡ್ಲಿ, ಈಗ್ಲೇ ಫೋನ್ ಮಾಡ್ತೀನಿ" ಅಂದರು. ಫೋನು ಎತ್ತಿಕೊಂಡವರು ನಿಂತರು. "ಅವತ್ತು ನೀವೇ ತೋರಿಸಿದ್ರಲ್ಲ, ಆ ನಾಲ್ಕನೇ ಎಸಳು ಚಿಕ್ಕದಿದೆ ಅಂತ. ಡಿಫೆಕ್ಟ್ ಅದು. ಹೊಸ ಲಾಟಲ್ಲಿ ಅದೊಂದು ಸರಿ ಮಾಡಿ ಕಳ್ಸಕ್ಕೆ ಹೇಳ್ಬಿಡ್ತೀನಿ."

ಆಗ ನನಗೆ ಬಂದ ಸಿಟ್ಟು ಈ ಎರಡು ತಿಂಗಳಲ್ಲಿ ನಿನ್ನ ಮೇಲೂ ಬಂದಿರಲಿಲ್ಲ. "ಡಿಫೆಕ್ಟಾ? ಯಾರಮ್ಮಾ ಹೇಳಿದ್ದು ಡಿಫೆಕ್ಟ್ ಅಂತ?"

"ನೀವೇ ಸಾರ್."

"ನಾನು ಹೇಳಿದ್ರೆ ಆಗೋಯ್ತಾ? ಅದನ್ನ ಮುಟ್ಟೋ ಹಾಗಿಲ್ಲ! ಒಂದೆಳೆ ಸೇರಿಸಿದ್ರೆ ಅದು ಆ ಹೂವೇ ಅಲ್ಲ. ಮೂವತ್ತು ವರ್ಷ ಇನ್‌ಸ್ಪೆಕ್ಷನ್ ಮಾಡಿದೀನಿ, ನಾನು ಪಾಸ್ ಮಾಡ್ತಿದೀನಿ, ಪಾಸ್ಡ್ ಅಂಡ್ ಫೌಂಡ್ ಓಕೆ!"

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಸೀರೆ ನೋಡುತ್ತಿದ್ದ ಒಬ್ಬ ಹೆಂಗಸು ಬಂದು ಏನಂಕಲ್ ಅದು ಎಂದು ಕೇಳಿದಳು. ಕೂರಿಸಿಕೊಂಡು ಹೇಳಿದೆ. ಹತ್ತು ವರ್ಷದ ಹುಡುಗ, ಇದ್ದಲು, ದೀಪದ ಗೂಡು, ಅಪ್ಪನ ಕೈ ಹಿಡಿದ ಅಕ್ಕ, ಎಲ್ಲ. ಕೇಳಿ ಎರಡು ಸೀರೆ ತೆಗೆದುಕೊಂಡಳು. ಕಮಲಾದೇವಿಯವರು ಚೀಟಿಯನ್ನು ಬದಲಿಸುವುದಿಲ್ಲ, ನಿನ್ನ ಹೆಸರೇ ಇರುತ್ತದೆ. ನೀನು ಬೇಡವೆಂದರೆ ಕೇಳುವವರು ಯಾರು? ರೇಣವ್ವನಿಗೆ ಹಾಸಿನ ಮುಂದೆ ಕೂರಲು ಹೇಳು. ಮದುವೆ ಮನೆಯ ಹೊಗೆ ಸಾಕು.

ಮನೆಗೆ ಬಂದು ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದೆ. ಗ್ರಾಫಿಕ್ಸಿನ ಹಂಗು ಬೇಡ, ಎಸ್‌ಟಿಡಿಐಒ ಎಂಬ ಹೆಡರ್ ಒಂದಿದ್ದರೆ ಸಾಕು, ಅದು ಇನ್ನೂ ಬದುಕಿದೆ. ಈಗ ಓಡಿಸಿದರೆ ಹೂವಿನ ಮೇಲೆ ಬರುತ್ತದೆ: "ಹೂವು ಚನ್ನವೀರ. ಲೆಕ್ಕ ದಾನಮ್ಮ." ನನ್ನ ಹೆಸರು ಎಲ್ಲೂ ಇಲ್ಲ. ನಾನು ಹಾಕಿದ್ದು ಒಂದು ಸೆಮಿಕೋಲನ್, ಅದೂ ಮೊದಲ ಸಲ ಮರೆತು ಬೈಸಿಕೊಂಡೆ.

ನಿನ್ನ ನಂಬರಿನ ಬ್ಲಾಕ್ ತೆಗೆದಿದ್ದೇನೆ. ಆದರೂ ಇದನ್ನು ಕಾಗದದಲ್ಲೇ ಬರೆಯುತ್ತೇನೆ, ನಿಮ್ಮ ಟವರನ್ನು ನಂಬುವ ಹಾಗಿಲ್ಲ. ಸೆಪ್ಟೆಂಬರಿನಲ್ಲಿ ಅವಳ ವರ್ಷದ ಕಾರ್ಯ. ಅತ್ತೆಯನ್ನು ಕರೆದುಕೊಂಡು ನೀನು ಬರಬೇಕು, ಎರಡು ದಿನ ಮುಂಚೆಯೇ ಬರಬೇಕು. ಅನ್ನ ನಾನೇ ಮಾಡುತ್ತೇನೆ, ಹೊತ್ತಿದ್ದರೆ ಹೊತ್ತಿದ್ದನ್ನೇ ಉಣ್ಣಿ. ಸಮಾಧಿಯ ಮೇಲೆ ಹೊದಿಸಲು ಆ ಹೂವಿನ ಒಂದು ಖಣ ನೇಯ್ದು ತಾ. ಕೊಡುವ ಮುಂಚೆ ಕನ್ನಡಿ ಹಿಡಿದು ನೋಡುತ್ತೇನೆ. ನಾಲ್ಕನೇ ಎಸಳಿನಲ್ಲಿ ಇಪ್ಪತ್ತೊಂದು ಎಳೆ ಸಿಕ್ಕಿತೋ, ಬಾಗಿಲಿಂದಲೇ ವಾಪಸ್ ಕಳಿಸುತ್ತೇನೆ.

ನಿನ್ನ ಮಾವ,
ಗುರುಶಾಂತಪ್ಪ